ನಾಗಪುರದಿಂದ ಊರಿಗೆ: ದೂರದ ದಾರಿಗೆ ಯಾವ ಬೈಕು?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ನಾಗಪುರದಲ್ಲಿ ನೆಲೆಸಿರುವ ನಮ್ಮಂಥವರಿಗೆ ಊರು ದೂರ. ಜೀರೋ ಮೈಲ್ ಕಂಬದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 1100 ಕಿಲೋಮೀಟರ್. ಆದರೆ ದಾರಿ ಹುಡುಕುವ ಕಷ್ಟ ಇಲ್ಲ. ವಾರ್ಧಾ ರಸ್ತೆ ಹಿಡಿದು ದಕ್ಷಿಣಕ್ಕೆ ಮುಖ ಮಾಡಿದರೆ ಒಂದೇ ಹೆದ್ದಾರಿ. ಹಿಂಗಣಘಾಟ್, ಪಾಂಢರಕವಡಾ, ಪೈನ್‌ಗಂಗಾ ನದಿ ದಾಟಿದರೆ ಆದಿಲಾಬಾದ್, ಆಮೇಲೆ ನಿರ್ಮಲ್ ಘಾಟಿ, ಹೈದರಾಬಾದ್, ಕರ್ನೂಲು, ಅನಂತಪುರ. ಬಾಗೇಪಲ್ಲಿ ಬಂತೆಂದರೆ ಬೋರ್ಡುಗಳೆಲ್ಲ ಕನ್ನಡ! 2010ರಲ್ಲಿ ಸಂಖ್ಯೆ ಬದಲಾಗಿ ಇದು ಎನ್‌ಎಚ್ 44 ಆಯಿತು. ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ 7.

ಈ ದಾರಿಯಲ್ಲಿ ಬೈಕಿನಲ್ಲೇ ಊರಿಗೆ ಹೋಗಿ ಬರುವ ಆಸೆ ಈಗ ಬಹಳ ಹುಡುಗರಿಗೆ ಇದೆ. ಹುಡುಗರಿಗೇನು, ಐವತ್ತು ದಾಟಿದವರಿಗೂ ಇದೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಸ್ಪೋರ್ಟ್ ಟೂರಿಂಗ್ ಅಂತಾರಲ್ಲ ಸಾರ್, ಆರಾಮಾಗಿರೋದು ಯಾವುದು ತಗೊಳ್ಳಲಿ?" ಪ್ರಶ್ನೆ ಸರಿ. ಆದರೆ ಆರಾಮ ಎಂಬುದನ್ನು ಅವರು ಅಳೆಯುವುದು ಷೋರೂಮಿನಲ್ಲಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಎರಡು ನಿಮಿಷ ಕೂತು. ಬೆಣ್ಣೆಯಂಥ ಸೀಟು ಕಂಡರೆ ಮನಸ್ಸು ಕರಗುತ್ತದೆ. ನಾಗಪುರದಿಂದ ಹೈದರಾಬಾದಿಗೆ 500 ಕಿಲೋಮೀಟರ್. ಮೊದಲ ನೂರರಲ್ಲಿ ಎಲ್ಲಾ ಬೈಕೂ ಆರಾಮವೇ. ಕೊನೆಯ ನೂರರಲ್ಲಿ ಹೇಗಿರುತ್ತದೆ ಎಂಬುದಷ್ಟೇ ಲೆಕ್ಕಕ್ಕೆ ಬರುವುದು.

ಇದು ಬರೀ ಬೆನ್ನುನೋವಿನ ಮಾತಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಬೆರಳು ಮರಗಟ್ಟಿ, ಕತ್ತು ಬಿಗಿದು, ತಲೆ ಜೋಂಪು ಹಿಡಿದವನ ಕೈ ಬ್ರೇಕಿಗೆ ಅರ್ಧ ಸೆಕೆಂಡು ತಡವಾಗಿ ಹೋದರೆ ಹನ್ನೊಂದು ಮೀಟರ್ ಹೋಯಿತು. ಎದುರುಗಡೆಯಿಂದ ತಪ್ಪು ದಿಕ್ಕಿನಲ್ಲಿ ಬರುವ ಹತ್ತಿಯ ಟ್ರ್ಯಾಕ್ಟರ್ ಅಷ್ಟು ಹೊತ್ತು ಕಾಯುವುದಿಲ್ಲ. ಆರಾಮ ಅನ್ನುವುದು ಐಷಾರಾಮ ಅಲ್ಲ, ಸ್ವಾಮಿ, ಅದೂ ಒಂದು ಬ್ರೇಕು.

ಹಾಗಾದರೆ ಆರಾಮ ಎಲ್ಲಿದೆ? ಸೀಟು, ಕಾಲಿಡುವ ಪೆಗ್ಗು, ಹ್ಯಾಂಡಲ್ಲು, ಈ ಮೂರರ ನಡುವಿನ ತ್ರಿಕೋನದಲ್ಲಿ. ಪೂರ್ತಿ ರೇಸಿನ ಗಾಡಿಯಲ್ಲಿ ಹ್ಯಾಂಡಲ್ ತಗ್ಗು, ಪೆಗ್ಗು ಹಿಂದೆ. ಮೈಭಾರ ಮಣಿಕಟ್ಟಿನ ಮೇಲೆ. ಕ್ರೂಸರ್‌ನಲ್ಲಿ ಕಾಲು ಮುಂದಕ್ಕೆ ಚಾಚುತ್ತದೆ. ನೋಡಲು ಮಹಾರಾಜನ ಠೀವಿ, ಆದರೆ ಇಡೀ ಭಾರ ಬೆನ್ನುಮೂಳೆಯ ಬುಡಕ್ಕೆ. ಹಳ್ಳ ಬಂದಾಗ ಕಾಲೂರಿ ಎದ್ದು ನಿಲ್ಲಲೂ ಆಗುವುದಿಲ್ಲ, ಏಟು ನೇರ ಸೊಂಟಕ್ಕೆ. ಸ್ಪೋರ್ಟ್ ಟೂರಿಂಗ್ ಇವೆರಡರ ನಡುವಿನದು. ಮೈ ಸ್ವಲ್ಪವೇ ಮುಂದೆ ಬಾಗಿರುತ್ತದೆ, ಮಂಡಿ ತೀರಾ ಮಡಚಿರುವುದಿಲ್ಲ, ಎದುರುಗಾಳಿಯೇ ಎದೆಯನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ. ಭಾರ ಮೂರು ಕಡೆ ಹಂಚಿಹೋದರೆ ಯಾವ ಕಡೆಯೂ ಬೇಗ ದಣಿಯುವುದಿಲ್ಲ.

ಸೀಟಿನ ವಿಷಯದಲ್ಲಿ ನಮ್ಮವರ ನಂಬಿಕೆ ತಲೆಕೆಳಗು. ಮೆತ್ತಗಿರುವ ಫೋಮು ಎರಡು ಗಂಟೆಯಲ್ಲಿ ಕುಸಿದು ಕೆಳಗಿನ ತಗಡು ತಾಗತೊಡಗುತ್ತದೆ. ಗಟ್ಟಿಯಾಗಿ, ಅಗಲವಾಗಿ, ಹಿಂದೆ ಮುಂದೆ ಸರಿದು ಕೂರಲು ಜಾಗವಿರುವ ಸೀಟೇ ಮೂರನೆಯ ಗಂಟೆಗೆ ಸ್ನೇಹಿತ. ಎತ್ತರವನ್ನೂ ನೋಡಿ. 800 ಮಿಲಿಮೀಟರಿನ ಆಸುಪಾಸು ಇದ್ದರೆ ಐದೂವರೆ ಅಡಿಯ ಮನುಷ್ಯನಿಗೆ ನೆಲ ಸಿಗುತ್ತದೆ. ಸಾಮಾನು ಕಟ್ಟಿದ ಗಾಡಿಯನ್ನು ಇಳಿಜಾರಿನಲ್ಲಿ ಕಾಲ್ಬೆರಳ ತುದಿಯಲ್ಲಿ ಹಿಡಿದು ನಿಲ್ಲುವುದು ಸರ್ಕಸ್ಸಿನವರಿಗೆ ಸರಿ.

ಇನ್ನು ಗಾಳಿ ಮತ್ತು ಅದುರು. ಮುಂದಿನ ಗಾಜು ದೊಡ್ಡದಿದ್ದಷ್ಟೂ ಒಳ್ಳೆಯದು ಎಂದೇನಿಲ್ಲ. ಅದರ ಅಂಚಿನಿಂದ ಚಿಮ್ಮಿದ ಗಾಳಿ ಹೆಲ್ಮೆಟ್ಟಿಗೇ ಬಂದು ಬಡಿದರೆ ದಿನವಿಡೀ ತಲೆಗೆ ತಬಲಾ. ಎದೆಗೋ, ಪೂರ್ತಿ ತಲೆಯ ಮೇಲಕ್ಕೋ ಹೋಗಬೇಕು. ಅದುರಿಗೆ ಎಂಜಿನ್ನೇ ಕಾರಣ. ದೊಡ್ಡ ಒಂಟಿ ಸಿಲಿಂಡರ್ ಯಾವುದೋ ಒಂದು ವೇಗದಲ್ಲಿ ಝುಂ ಅನ್ನಲು ಶುರುಮಾಡುತ್ತದೆ. ಆ ವೇಗ ನೀವು ದಿನವಿಡೀ ಓಡಿಸುವ ವೇಗವೇ ಆಗಿದ್ದರೆ ಆ ಗಾಡಿ ನಿಮಗಲ್ಲ. ಎರಡು ಸಿಲಿಂಡರಿನವು ಈ ವಿಷಯದಲ್ಲಿ ಸಾಧು.

ನಾಗಪುರದವರು ಇನ್ನೊಂದನ್ನು ನೋಡಲೇಬೇಕು, ಬಿಸಿ. ಮೇ ತಿಂಗಳಲ್ಲಿ ಇಲ್ಲಿ 45 ಡಿಗ್ರಿ ಸಾಮಾನ್ಯ. ಮೈತುಂಬ ಕವಚವಿರುವ ಗಾಡಿಯಲ್ಲಿ ರೇಡಿಯೇಟರಿನ ಫ್ಯಾನು ತಿರುಗಿದಾಗ ಆ ಬಿಸಿಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಕೆಲವು ಗಾಡಿಗಳಲ್ಲಿ ಅದು ಸವಾರನ ತೊಡೆಗೇ. ಡಿಸೆಂಬರಿನಲ್ಲಿ ಟೆಸ್ಟ್ ರೈಡ್ ಮಾಡಿದವನಿಗೆ ಇದು ಗೊತ್ತಾಗುವುದು ಏಪ್ರಿಲ್ಲಿನಲ್ಲಿ, ಸೀತಾಬರ್ಡಿ ಸಿಗ್ನಲ್ಲಿನಲ್ಲಿ.

ಹೆಸರು ಹೇಳಿ ಅನ್ನುತ್ತೀರಿ. ಹೇಳುತ್ತೇನೆ, ಅಂತಿಮ ತೀರ್ಪು ಎಂದುಕೊಳ್ಳಬೇಡಿ. ಒಬ್ಬರೇ, ಹಗುರ ಸಾಮಾನಿನೊಂದಿಗೆ ಹೋಗುವವರಿಗೆ 2019ರಲ್ಲಿ ಬಂದ ಸುಜುಕಿ ಜಿಕ್ಸರ್ ಎಸ್‌ಎಫ್ 250 ಸಾಕು. ಸುಮಾರು 160 ಕಿಲೋ ತೂಕ, ರೇಸಿನ ವೇಷ, ಆದರೆ ಕೂರುವ ಭಂಗಿ ಸೌಮ್ಯ. ಬಜಾಜ್ ಡಾಮಿನಾರ್ 400 ದೂರದ ಪಯಣಕ್ಕೆಂದೇ ಹುಟ್ಟಿದ್ದು, 2021ರಿಂದ ಗಾಜು, ಕ್ಯಾರಿಯರ್ ಮುಂತಾದವು ಕಾರ್ಖಾನೆಯಿಂದಲೇ ಬರುತ್ತವೆ. ಮೈ ತುಸು ಭಾರ. ಹೊಸೂರಿನ ಟಿವಿಎಸ್ ಅಪಾಚೆ ಆರ್‌ಆರ್ 310 ಚೆಂದ, ಚುರುಕು, ಆದರೆ ಅದು ಟ್ರ್ಯಾಕಿನ ಕಡೆ ವಾಲಿದ್ದು. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ ಎರಡು ಸಿಲಿಂಡರಿನ ನಯಕ್ಕೆ ಮನಸೋಲದವರಿಲ್ಲ. ಗಾಳಿಗೆ ಮರೆ ಇಲ್ಲ, ಅದನ್ನು ಬೇರೆಯಾಗಿ ಹಾಕಿಸಬೇಕು. ಹಣ ಇದ್ದವರಿಗೆ ಕವಾಸಾಕಿ ನಿಂಜಾ 650. ಹೆಸರು ನಿಂಜಾ ಆದರೂ ಸ್ವಭಾವ ಶಾಂತ.

ಆದರೆ ನಿಮ್ಮ ಊರು ಬೆಂಗಳೂರಿನ ಕಡೆಯಲ್ಲ, ಬೀದರ್, ಕಲಬುರಗಿ ಕಡೆ ಅನ್ನಿ. ಯವತ್ಮಾಳ, ನಾಂದೇಡದ ಮೇಲೆ ಹೋಗುವ ಆ ದಾರಿಯಲ್ಲಿ ಊರಿಗೊಂದರಂತೆ ಉಬ್ಬು, ಕೆಲವು ಉಬ್ಬುಗಳಿಗೆ ಬಣ್ಣವೂ ಇಲ್ಲ. ಅಲ್ಲಿಗೆ ತಗ್ಗಿನ ಸ್ಪೋರ್ಟ್ ಟೂರರ್ ಬೇಡ. ಹಿಮಾಲಯನ್ 450ರಂಥ ಎತ್ತರದ ಗಾಡಿಯೇ ಲೇಸು, ಅದರ ಟ್ಯಾಂಕಿನಲ್ಲಿ 17 ಲೀಟರ್ ಹಿಡಿಯುತ್ತದೆ.

ದೊಡ್ಡ ಎಂಜಿನ್ ಇದ್ದರೆ ಹಾರಿಕೊಂಡು ಹೋಗಬಹುದು ಎಂಬ ಲೆಕ್ಕ ಇದ್ದರೆ ಬಿಟ್ಟುಬಿಡಿ. 2018ರ ಕೇಂದ್ರ ಅಧಿಸೂಚನೆಯಲ್ಲಿ ಚತುಷ್ಪಥ ಹೆದ್ದಾರಿಗೆ ಬೈಕಿನ ಗರಿಷ್ಠ ವೇಗ 80. ನಾಗಪುರದಿಂದ ಮುಂಬೈಗೆ ಹೋಗುವ ಸಮೃದ್ಧಿ ಮಹಾಮಾರ್ಗದಲ್ಲಿ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲೂ 2023ರ ಆಗಸ್ಟಿನಿಂದ ಇಲ್ಲ. ತೆರಿಗೆಯೂ ನೋಡಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ಶೇಕಡಾ 18, ಮೇಲಿನದಕ್ಕೆ 40. ಉಳಿದ ದುಡ್ಡಿನಲ್ಲಿ ಒಳ್ಳೆಯ ಜಾಕೆಟ್, ಹೆಲ್ಮೆಟ್, ಮಳೆಯಂಗಿ ಎಲ್ಲ ಬರುತ್ತದೆ.

ಹಿಂದಿನ ಸೀಟಿನವರನ್ನು ಯಾರೂ ಕೇಳುವುದಿಲ್ಲ. ನಮ್ಮ ತಂದೆಯ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಲ್ಲಿ ಉದ್ದನೆಯ ಸಪಾಟು ಸೀಟಿತ್ತು, ಮೂರು ಜನದ ಸಂಸಾರ ಕೂರುತ್ತಿತ್ತು. ಇಂದಿನ ಸ್ಪೋರ್ಟಿ ಗಾಡಿಗಳಲ್ಲಿ ಹಿಂದೆ ಕೂರುವವರಿಗೆ ಸಿಗುವುದು ಅಂಗೈ ಅಗಲದ ಒಂದು ದಿಂಬು, ಅದೂ ಅಟ್ಟದ ಮೇಲೆ. ಹೆಂಡತಿಯೋ ಗಂಡನೋ ಜೊತೆಗೆ ಬರುವವರಿದ್ದರೆ ಅವರನ್ನೇ ಷೋರೂಮಿಗೆ ಕರೆದೊಯ್ಯಿರಿ, ಅವರಿಗೇ ಮೊದಲು ಕೂರಲು ಹೇಳಿ. ಹಿಡಿಯಲು ಕಂಬಿ ಇದೆಯೇ, ಮಂಡಿ ಎಷ್ಟು ಮಡಚುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುತ್ತಾರೆಯೇ. ಅವರು ಬೇಡ ಅಂದರೆ ಬೇಡ. ಇಲ್ಲವಾದರೆ ಆದಿಲಾಬಾದಿನಿಂದ ಮುಂದೆ ಅವರು ಬಸ್ಸಿನಲ್ಲಿ, ನೀವು ಬೈಕಿನಲ್ಲಿ!

ಟೆಸ್ಟ್ ರೈಡ್ ಎಂದು ಡೀಲರು ಕೊಡುವ ಎರಡು ಕಿಲೋಮೀಟರಿನಲ್ಲಿ ಏನೂ ತಿಳಿಯದು. ಸ್ನೇಹಿತರ ಗಾಡಿಯನ್ನೋ ಬಾಡಿಗೆಯದನ್ನೋ ಒಂದು ದಿನದ ಮಟ್ಟಿಗೆ ಪಡೆದು ಸೇವಾಗ್ರಾಮಕ್ಕೆ ಹೋಗಿ ಬನ್ನಿ, ಹೋಗಿ ಬರಲು ಸುಮಾರು 150 ಕಿಲೋಮೀಟರ್. ಮುಂಬೈಯವರು ನಾಶಿಕಕ್ಕೋ, ದೆಹಲಿಯವರು ಮಥುರೆಗೋ ಹೋಗಿ. ಅದೇ ಹೆಲ್ಮೆಟ್, ಅದೇ ಜಾಕೆಟ್, ಅದೇ ಸಾಮಾನು, ಜೊತೆಗಾರರೂ ಇರಲಿ. ಬರುವಾಗ ಕತ್ತಲಾಗಲಿ, ದೀಪ ಹೇಗಿದೆ ಎಂದೂ ಗೊತ್ತಾಗುತ್ತದೆ. ಮನೆಗೆ ಬಂದು ಇಳಿದಾಗ ಮೊದಲು ಕೈ ಎಲ್ಲಿಗೆ ಹೋಯಿತು ನೋಡಿಕೊಳ್ಳಿ: ಮಣಿಕಟ್ಟಿಗೋ, ಸೊಂಟಕ್ಕೋ, ಕತ್ತಿಗೋ. ಸಣ್ಣ ನೋವಾದರೆ ಹ್ಯಾಂಡಲ್ಲನ್ನು ತುಸು ಎತ್ತರಿಸಿ, ಲಿವರಿನ ಕೋನ ತಿರುಗಿಸಿ, ಸೀಟು ಹೊಲಿಸಿ ಸರಿಪಡಿಸಬಹುದು. ಪೆಗ್ಗಿನ ಜಾಗ ಒಗ್ಗದಿದ್ದರೆ ಆ ಗಾಡಿಯನ್ನೇ ಬಿಡಿ, ಅದನ್ನು ಬದಲಿಸುವುದು ಸುಲಭದ ಕೆಲಸವಲ್ಲ.

ಕೊನೆಗೆ ಕಾಗದದ ಮಾತು. ಮಹಾರಾಷ್ಟ್ರದ ನಂಬರಿನ ಗಾಡಿಯನ್ನು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ವರ್ಗಾವಣೆಯ ನೌಕರಿಯವರು 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ತಮಗೆ ಸಿಗುತ್ತದೆಯೇ ಎಂದು ಗಾಡಿ ಬುಕ್ ಮಾಡುವ ಮೊದಲೇ ವಿಚಾರಿಸಿ. ಹೋಗಿ ಬರುವವರಿಗೆ ಆರ್‌ಸಿ, ವಿಮೆ, ಲೈಸೆನ್ಸು, ಹೊಗೆ ತಪಾಸಣೆಯ ಚೀಟಿ ಜೇಬಿನಲ್ಲಿ ಇದ್ದರಾಯಿತು. ಹೈದರಾಬಾದಿನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಬೇಗ ಹೊರಡಿ.