ಬಾಯಿಮಾತಿನ ಲೆಕ್ಕ ಸಾಲಲ್ಲ, ಬಿಲ್ ಕೊಡ್ರಿ

ದಾವಣಗೆರೆ ವಿದ್ಯಾನಗರದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಇನ್‌ವಾಯ್ಸ್.

ನಮ್ಮ ದಾವಣಗೆರೆ, ಹರಿಹರದಲ್ಲಿ ಲೇತ್, ಫ್ಯಾಬ್ರಿಕೇಷನ್, ಪ್ರಿಂಟಿಂಗ್ ಕೆಲಸ ಮಾಡೋ ಹುಡುಗರನ್ನ ನಾನು ನೋಡ್ತಾನೇ ಇರ್ತೀನಿ. ಕೆಲಸ ಮುಗೀತು, 'ಅಣ್ಣಾ, 18 ಸಾವಿರ ಆಯ್ತು' ಅಂತ ವಾಟ್ಸಾಪ್ ಹಾಕ್ತಾರೆ. 'ಮುಂದಿನ ವಾರ ನೋಡೋಣ ತಮ್ಮಾ' ಅಂತ ಉತ್ತರ ಬರುತ್ತೆ. ಮೂರು ತಿಂಗಳಾದ್ರೂ ಆ ವಾರ ಬರಲ್ಲ. ಅಂಗಡಿ ಬಾಡಿಗೆ, ಕರೆಂಟ್ ಬಿಲ್ ಮಾತ್ರ ತಪ್ಪದೆ ಬರುತ್ತೆ.

ಕಾನೂನು ನಿಮ್ಮ ಪರ ಇದೆ ನೋಡ್ರಿ. ಸರಕು ತಯಾರಿಸೋ ಅಥವಾ ಸೇವೆ ಕೊಡೋ ಸೂಕ್ಷ್ಮ, ಸಣ್ಣ ಉದ್ಯಮ ನಿಮ್ಮದಾದ್ರೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ. ಆಗ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ರೆ ಗಿರಾಕಿ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ. ತಡವಾದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಆದ್ರೆ ದಿನ ಎಣಿಸೋದು ಎಲ್ಲಿಂದ? ಸರಕು ತಲುಪಿದ ದಿನದಿಂದ. ಅದಕ್ಕೆ ಸಾಕ್ಷಿ ನಿಮ್ಮ ಇನ್‌ವಾಯ್ಸ್, ಜೊತೆಗೆ ಗಿರಾಕಿ ಸಹಿ ಹಾಕಿದ ಡೆಲಿವರಿ ಚಲನ್. ಕ್ರಮಸಂಖ್ಯೆ, ದಿನಾಂಕ, ಇಬ್ಬರ ಹೆಸರು ವಿಳಾಸ, ಕೆಲಸದ ವಿವರ, ಮೊತ್ತ, ಹಣ ಕೊಡಬೇಕಾದ ಕೊನೆ ದಿನ, ಇಷ್ಟು ಬರೀರಿ. ಜಿಎಸ್‌ಟಿ ನೋಂದಣಿ ಇಲ್ಲದಿದ್ರೆ ಬಿಲ್‌ನಲ್ಲಿ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ, ನೆನಪಿರಲಿ.

'ನಮ್ಮೋರೇ ಅಲ್ವಾ, ಬಿಲ್ ಯಾಕೆ' ಅಂತ ಸಂಕೋಚ ಬೇಡ. ನಮ್ಮೋರ ಜೊತೆ ಜಗಳ ಆಗಬಾರದು ಅಂದ್ರೇನೇ ಬಿಲ್ ಬೇಕು.