ಹಿತ್ತಲ ಕೋಳಿ ಮತ್ತು ಉದ್ರಿ ಲೆಕ್ಕ

(ಪಾಮನಕಲ್ಲೂರಿನಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಹತ್ತಿಯ ದರ, ತೊಗರಿಯ ದರ, ಬ್ಯಾಂಕಿನ ಸಾಲ ಇವುಗಳ ಮಾತು ಕೇಳಲು ಬಂದ ನಿಮ್ಮ ಮುಂದೆ ನಾನು ಕೋಳಿಯ ಮಾತು ತೆಗೆದರೆ ಹಿಂದೆ ಕೂತವರು ನಗುವುದು ಸಹಜ. ನಗ್ರಿ, ಅಡ್ಡಿಯಿಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳೆಗೆ ಬೆಲೆ ಸಿಗದೆ ಕೂತ ರೈತನಿಗೆ "ಕೋಳಿ ಸಾಕು, ಕುರಿ ಸಾಕು, ಉಪಕಸುಬು ಮಾಡು" ಎಂದು ಉಪದೇಶ ಮಾಡಿ ಜೀಪು ಹತ್ತಿ ಹೋಗುವವರ ಗುಂಪಿಗೆ ನಾನು ಸೇರಿದವನಲ್ಲ. ಎರಡು ಲಕ್ಷ ಸಾಲವಿದ್ದವನ ಮುಂದೆ ಹತ್ತು ಕೋಳಿ ತಂದಿಟ್ಟು ಇದರಿಂದ ಉದ್ಧಾರವಾಗು ಎನ್ನುವುದು, ಹಸಿದವನ ಗಂಗಾಳಕ್ಕೆ ಬರೇ ಉಪ್ಪಿನಕಾಯಿ ಬಡಿಸಿದಂತೆ. ಕೋಳಿ ಬೆಳೆಸಾಲ ತೀರಿಸುವುದಿಲ್ಲ. ಬೆಲೆಯ ಹೋರಾಟವನ್ನು ಕೋಳಿ ಮಾಡುವುದಿಲ್ಲ, ನಾವೇ ಮಾಡಬೇಕು.

ಹಾಗಾದರೆ ಕೋಳಿ ಏನು ಮಾಡುತ್ತದೆ? ಅಂಗಡಿಯವನ ಉದ್ರಿ ಪುಸ್ತಕ ತೆಗೆದು ನೋಡ್ರಿ. ಅಲ್ಲಿ ನಿಮ್ಮ ಹೆಸರಿನ ಕೆಳಗೆ ಇರುವುದು ಗೊಬ್ಬರವಲ್ಲ, ಬೀಜವಲ್ಲ. ಚಹಾಪುಡಿ, ಸಕ್ಕರಿ, ಎಣ್ಣಿ, ಹುಡುಗನ ನೋಟುಬುಕ್ಕು, ಜ್ವರದ ಗುಳಿಗೆ. ಹತ್ತಿಪ್ಪತ್ತು ರೂಪಾಯಿಯ ಈ ಬಾಬ್ತುಗಳೇ ಕೂಡಿ ಕೂಡಿ ಸುಗ್ಗಿಯ ಹೊತ್ತಿಗೆ ಸಾವಿರಗಳಾಗುತ್ತವೆ. ಅದು ಸಾಲದೆ ಈಗ ವಾರದ ಕಂತಿನ ಕಿರುಸಾಲ ಬಂದಿದೆ. ಆ ವಸೂಲಿಯ ಕಾಟ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಂತಿನ ಸಾಲ ತೆಗೆಯುವವರು ಹೆಚ್ಚಾಗಿ ನಮ್ಮ ಮನೆಯ ಹೆಣ್ಣುಮಕ್ಕಳು. ಅವರ ಕೈಯಲ್ಲಿ ಗಂಡನನ್ನು ಕೇಳದೆ ಖರ್ಚು ಮಾಡಬಹುದಾದ ದುಡ್ಡು ಎಂದರೆ ತತ್ತಿಯ ದುಡ್ಡು ಒಂದೇ. ಅದು ನಿಂತ ವರ್ಷ ಉದ್ರಿ ಏರುತ್ತದೆ. ನಮ್ಮ ಮನೆಯಲ್ಲಿ ನಾನು ಕಂಡ ಲೆಕ್ಕ ಇದು.

ತತ್ತಿಯ ದುಡ್ಡು ಯಾಕೆ ನಿಲ್ಲುತ್ತದೆ? ಕೋಳಿ ಇಡುವುದಿಲ್ಲವೆಂದಲ್ಲ. ಇಡುವ ಕೋಳಿ ಇರುವುದಿಲ್ಲ. ಯಾವ ಮನೆಯಲ್ಲಾದರೂ ಕೇಳ್ರಿ, "ದೀಪಾವಳಿಗೆ ಇಪ್ಪತ್ತು ಇದ್ವು, ಉಗಾದಿಗೆ ಒಂದೂ ಉಳೀಲಿಲ್ಲ" ಎನ್ನುತ್ತಾರೆ. ಅದಕ್ಕೆ ನಾವು ಜಡ್ಡು ಬಂತು ಎಂದು ಹೇಳಿ ಸುಮ್ಮನಾಗುತ್ತೇವೆ. ಆ ಜಡ್ಡಿಗೆ ಹೆಸರಿದೆ. ಕನ್ನಡದಲ್ಲಿ ಕೊಕ್ಕರೆ ರೋಗ, ಡಾಕ್ಟರರ ಬಾಯಲ್ಲಿ ರಾಣಿಖೇತ್ ರೋಗ. ಹಸಿರು-ಬಿಳಿ ಪಿಚಿಕೆ, ಬಾಯಿ ತೆರೆದು ಏದುಸಿರು, ರೆಕ್ಕೆ ಇಳಿಬಿಟ್ಟು ತೂಕಡಿಸುವುದು, ಬದುಕಿ ಉಳಿದದ್ದಕ್ಕೆ ಕುತ್ತಿಗೆ ತಿರುಚಿಕೊಳ್ಳುವುದು. ಬಂದ ಮೇಲೆ ಇದಕ್ಕೆ ಔಷಧಿಯಿಲ್ಲ. ಬೆಳ್ಳುಳ್ಳಿ, ಅರಿಶಿಣ, ಮಾತ್ರೆ ಯಾವುದೂ ನಾಟುವುದಿಲ್ಲ.

1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬಲ್ಲಿಯೂ ಇದನ್ನು ಗುರುತಿಸಿದರು. ಮರುವರ್ಷ ನಮ್ಮ ದೇಶದಲ್ಲಿ, ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಕಂಡಿತು, ಆ ಊರಿನ ಹೆಸರೇ ನಿಂತಿತು. ಅದಕ್ಕೆ ಲಸಿಕೆ ತಯಾರಾದದ್ದೂ ಅದೇ ಬೆಟ್ಟಗಳ ಮುಕ್ತೇಶ್ವರದಲ್ಲಿ, 1940ರ ದಶಕದಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ಸರ್ಕಾರವೇ ಲಸಿಕೆ ತಯಾರಿಸುತ್ತದೆ. ಎಂದರೆ ಮದ್ದು ಬಂದು ಎಂಬತ್ತು ವರ್ಷ ಆಗುತ್ತ ಬಂದರೂ ನಮ್ಮ ಹಿತ್ತಲಿನ ಕೋಳಿ ಪ್ರತಿ ಬೇಸಿಗೆ ಸಾಯುತ್ತಲೇ ಇದೆ.

ಕಾರಣ ಬಹಳ ಸಣ್ಣದು. ಆ ಮದ್ದಿನ ಸೀಸೆಯಲ್ಲಿ ನೂರು ಕೋಳಿಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಹಾಕಿ ಮುಗಿಸಬೇಕು, ಉಳಿದದ್ದು ನೀರು. ಸಾವಿರ ಕೋಳಿಯ ಫಾರ್ಮಿನವನಿಗೆ ಅದು ಸರಿ. ಎಂಟು ಕೋಳಿಯ ಮನೆಯವನು ಸೀಸೆ ಒಡೆದರೆ ತೊಂಬತ್ತೆರಡು ಪಾಲು ಚೆಲ್ಲಬೇಕು. ಆದುದರಿಂದ ಯಾರೂ ತರುವುದಿಲ್ಲ. ಒಬ್ಬನಿಗೆ ನಷ್ಟವಾದದ್ದು ಹದಿನೈದು ಮನೆ ಕೂಡಿದರೆ ಮನೆಗೆ ಒಂದು ಚಹಾದ ಖರ್ಚು.

ನಾನು ಮಾಡಿದ ತಪ್ಪನ್ನೂ ಕೇಳ್ರಿ. ಒಂದು ವರ್ಷ ನಾನೇ ಮುಂದಾಗಿ ಸೀಸೆ ತಂದೆ. ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು, ಊಟ ಮಾಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಓಣಿಯ ಕೋಳಿಗಳಿಗೆಲ್ಲ ಹಾಕಿಸಿದೆ. ತಿಂಗಳೊಳಗೆ ಜಡ್ಡು ಬಂತು. ನಮ್ಮ ಮನೆಯಲ್ಲೇ ನಾಲ್ಕು ದಿನಕ್ಕೆ ಹದಿನೇಳು ಹೋದವು. "ನಿನ್ನ ಮದ್ದಿನಿಂದಲೇ ಸತ್ತವು" ಎಂದು ಪಕ್ಕದ ಮನೆಯ ದೊಡ್ಡವ್ವ ಎರಡು ವರ್ಷ ನನ್ನ ಸಂಗಡ ಮಾತಾಡಲಿಲ್ಲ. ಮದ್ದಿನದು ತಪ್ಪಲ್ಲ, ನನ್ನದು. ಈ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಕಾವು ತಗಲಿದರೆ ಸಾಯುತ್ತದೆ. ಸತ್ತ ಮದ್ದನ್ನು ನಾನು ಊರಿಗೆಲ್ಲ ಹಂಚಿದ್ದೆ.

ಆದುದರಿಂದ ಮಾಡುವ ಕ್ರಮ ಹೀಗಿರಲಿ. ಮಂಜುಗಡ್ಡೆ ಹಾಕಿದ ಥರ್ಮಾಸಿನಲ್ಲಿ ತರಬೇಕು. ಹೊತ್ತು ಹುಟ್ಟುವ ಮುಂಚೆ, ಕೋಳಿ ಇನ್ನೂ ಗೂಡಿನಲ್ಲಿರುವಾಗ ಕೆಲಸ ಶುರುವಾಗಬೇಕು. ಬಿಟ್ಟ ಮೇಲೆ ಹಿಡಿಯಲು ಹೋದರೆ ಮಧ್ಯಾಹ್ನವಾಗುತ್ತದೆ, ನನ್ನ ಕಥೆಯೇ ಮತ್ತೆ. ಏಳು ದಿನದ ಮರಿಯ ಕಣ್ಣಿಗೆ ಅಥವಾ ಮೂಗಿಗೆ ಲಸೋಟಾ ಎಂಬುದರ ಒಂದು ಹನಿ, ನಾಲ್ಕೈದು ವಾರಕ್ಕೆ ಮತ್ತೊಂದು. ಎಂಟು ವಾರ ದಾಟಿದ್ದಕ್ಕೆ ಆರ್‌2ಬಿ ಎಂಬ ಚುಚ್ಚುಮದ್ದು, ರೆಕ್ಕೆಯ ಕೆಳಗೆ ತೊಗಲಿನಲ್ಲಿ ಅರ್ಧ ಮಿಲಿ. ಸಣ್ಣ ಮರಿಗೆ ಆರ್‌2ಬಿ ಚುಚ್ಚಬಾರದು, ಅದಕ್ಕೆ ಜಬರು. ಊರಿನಲ್ಲಿ ಒಂದೇ ವಯಸ್ಸಿನ ಕೋಳಿ ಎಲ್ಲಿ ಸಿಗುತ್ತವೆ? ಅದಕ್ಕೆ ಮೂರು ನಾಲ್ಕು ತಿಂಗಳಿಗೊಮ್ಮೆ ಎಲ್ಲಕ್ಕೂ ಕಣ್ಣಿನ ಹನಿ ಹಾಕಿಸಿರಿ, ಚುಚ್ಚುವುದನ್ನು ಸಂಕ್ರಾಂತಿಗೆ ಮುಂಚೆ ಮುಗಿಸಿರಿ. ರಕ್ಷಣೆ ಬರಲು ಎರಡು ವಾರ ಬೇಕು. ಜಡ್ಡು ಓಣಿಗೆ ಬಂದ ಮೇಲೆ ಓಡಿದರೆ ಫಲವಿಲ್ಲ. ಪಶುಸಖಿ ಇರುವ ಊರಿನಲ್ಲಿ ಅವರನ್ನು ಕರೆಯಿರಿ, ಇಲ್ಲದಿದ್ದರೆ ಪಶು ಆಸ್ಪತ್ರೆಗೆ ಊರ ಪರವಾಗಿ ಅರ್ಜಿ ಕೊಡಿರಿ. ಒಬ್ಬರು ಕೇಳಿದರೆ "ನಾಳೆ ಬಾ", ನಲವತ್ತು ಮನೆ ಕೇಳಿದರೆ ಮಾತು ಬೇರೆ.

ಜಡ್ಡು ಕಂಡ ಕೂಡಲೇ ನಾವು ಮಾಡುವ ಕೆಲಸವೇನು? ಉಳಿದ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿ ಸಂತೆಗೆ ಓಡುವುದು. ವ್ಯಾಪಾರಿಗೆ ಅದು ಗೊತ್ತು, ಅರ್ಧ ದರ ಕೇಳುತ್ತಾನೆ. ಮಳೆ ಬೀಳುವ ಮುಂಚೆ ಒಮ್ಮೆಲೇ ಹತ್ತಿ ತುಂಬಿಕೊಂಡು ಹೋಗಿ ಮಾರುತ್ತೇವಲ್ಲ, ಅದೇ ಪಾಡು. ಇಲ್ಲಿ ಇನ್ನೊಂದು ಕೇಡೆಂದರೆ ಸಂತೆಯಿಂದ ಆ ಜಡ್ಡು ಹತ್ತು ಊರಿಗೆ ಹೋಗುತ್ತದೆ. ಜಾತ್ರೆಗೆ, ಹಬ್ಬಕ್ಕೆ ತಂದ ಹುಂಜವಾದರೂ ಅಷ್ಟೇ. ಹೊರಗಿನಿಂದ ತಂದದ್ದನ್ನು ಹದಿನೈದು ದಿನ ಬೇರೆ ಕಟ್ಟಿರಿ. ಸತ್ತದ್ದನ್ನು ತಿಪ್ಪೆಗೆ ಎಸೆಯಬೇಡಿರಿ, ನಾಯಿ ಎಳೆದಾಡುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿರಿ. 2025ರ ಆರಂಭದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿ ಹಕ್ಕಿಜ್ವರ ಕಂಡಿತ್ತು. ಅದು ಮನುಷ್ಯನಿಗೂ ತಗಲಬಹುದಾದ ರೋಗ. ಒಮ್ಮೆಲೇ ಬಹಳ ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೊಯ್ದು ತಿನ್ನದೆ ಪಶುವೈದ್ಯರಿಗೆ ತಿಳಿಸಿರಿ.

ಇನ್ನು ಬೇಸಿಗೆ. ನಮ್ಮ ರಾಯಚೂರು ಸೀಮೆಯ ಬಿಸಿಲನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಉಸಿರಾಡಿಯೇ ಮೈ ತಂಪು ಮಾಡಿಕೊಳ್ಳಬೇಕು. ಆಗ ತಿನ್ನುವುದು ಕಡಿಮೆ, ಕುಡಿಯುವುದು ಎರಡು ಪಟ್ಟು. ಬೇವಿನ ನೆರಳಿನಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆ ಇಟ್ಟು ದಿನಕ್ಕೆ ಎರಡು ಸಲ ನೀರು ಬದಲಿಸಿರಿ. ಕಾಳನ್ನು ತಂಪು ಹೊತ್ತಿನಲ್ಲಿ, ಬೆಳಕು ಹರಿಯುವಾಗ ಮತ್ತು ಸಂಜೆ ಚೆಲ್ಲಿರಿ. ತಗಡಿನ ಗೂಡಿದ್ದರೆ ಮೇಲೆ ತೊಗರಿ ಕಟ್ಟಿಗೆ, ಹುಲ್ಲು ಹೊದಿಸಿರಿ.

ಚೈತ್ರ ವೈಶಾಖದಲ್ಲಿ ಕಾವಿಗೆ ಕೂಡಿಸಿದ ತತ್ತಿ ಹೆಚ್ಚು ಕೆಡುತ್ತವೆ ಎಂಬುದು ನಮ್ಮವ್ವನಿಗೆ ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ. ಬೇಸಿಗೆಯ ಸೆಕೆಗೇ ತತ್ತಿಯೊಳಗಿನ ಜೀವ ಅರೆಬರೆ ಬೆಳೆಯಲು ಶುರುಮಾಡಿ, ತಾಯಿ ಕೂಡುವ ಮುಂಚೆಯೇ ಸಾಯುತ್ತದೆ. ಅದಕ್ಕೆ ಮರಿ ಮಾಡಿಸುವ ಕೆಲಸ ದೀಪಾವಳಿಯಿಂದ ಶಿವರಾತ್ರಿಯೊಳಗೆ ಆಗಲಿ. ಬೇಸಿಗೆಯಲ್ಲಿ ಮಾಡಿಸಲೇಬೇಕಾದರೆ ಒದ್ದೆ ಉಸುಕಿನ ಮೇಲೆ ಗಡಿಗೆಯಿಟ್ಟು ಅದರಲ್ಲಿ ತತ್ತಿ ಇಡಿರಿ. ಐದಾರು ದಿನಕ್ಕಿಂತ ಹಳೆಯದು ಬೇಡ. ಕೂಡಿಸಿದ ಏಳನೆಯ ದಿನ ರಾತ್ರಿ ಬ್ಯಾಟರಿ ಹಿಡಿದು ನೋಡಿದರೆ ಜೀವವಿದ್ದ ತತ್ತಿಯಲ್ಲಿ ಕೆಂಪು ಎಳೆ ಕಾಣುತ್ತದೆ. ಖಾಲಿ ಇದ್ದದ್ದನ್ನು ತೆಗೆಯಿರಿ. ಇಪ್ಪತ್ತೊಂದನೆಯ ದಿನಕ್ಕೆ ಮರಿ.

ಮರಿಗಳ ಮೊದಲ ಆರು ವಾರದಲ್ಲೇ ಅರ್ಧ ಕಳೆದುಕೊಳ್ಳುತ್ತೇವೆ. ಹದ್ದು, ಕಾಗೆ, ಬೆಕ್ಕು, ಹೆಗ್ಗಣ, ಮುಂಗುಸಿ ಎಲ್ಲಕ್ಕೂ ಅದೇ ಊಟ. ತಾಯಿಯ ಸಮೇತ ದೊಡ್ಡ ಬುಟ್ಟಿಯ ಕೆಳಗೆ ಮೂರು ವಾರ ಇಟ್ಟು, ಅಲ್ಲೇ ಸಜ್ಜೆಯ ನುಚ್ಚು, ನೀರು ಕೊಟ್ಟರೆ ಹತ್ತರಲ್ಲಿ ಏಳೆಂಟು ಉಳಿದದ್ದನ್ನು ನಾನು ನೋಡಿದ್ದೇನೆ. ಗೆದ್ದಲು ಮರಿಗೆ ಅಮೃತ. ಹಳೆ ಗಡಿಗೆಗೆ ಒಣಸಗಣಿ, ಸೊಪ್ಪಿ ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿದರೆ ಮುಂಜಾನೆಗೆ ತುಂಬಿರುತ್ತದೆ. ಖರ್ಚಿಲ್ಲ. ಔಷಧಿ ಸವರಿದ ಬಿತ್ತನೆ ಬೀಜದ ಚೀಲವನ್ನು ಮಾತ್ರ ಹಿತ್ತಲಲ್ಲಿ ಝಾಡಿಸಬೇಡಿರಿ, ಒಂದು ಮುಷ್ಟಿ ಸಾಕು ಗೂಡು ಖಾಲಿಯಾಗಲು.

ಗೂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಿಂದ ಎತ್ತರ, ಬೆರಳು ತೂರದ ಜಾಳಿಗೆ, ರಾತ್ರಿ ಕದ. ಗೋಡೆಯ ಬಿರುಕಿನಲ್ಲಿ ಉಣ್ಣೆ ಸೇರುತ್ತವೆ, ಹಗಲು ಅಡಗಿ ರಾತ್ರಿ ರಕ್ತ ಹೀರುತ್ತವೆ. ಕೋಳಿ ಬಡಕಲಾಗಿ ತತ್ತಿ ನಿಲ್ಲಿಸಿದರೆ ಮೊದಲು ಅಲ್ಲಿ ನೋಡಿರಿ, ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಮೂಲೆಯಲ್ಲಿ ಒಲೆಯ ಬೂದಿ ಗುಡ್ಡೆ ಹಾಕಿದರೆ ಕೋಳಿ ತಾನೇ ಹೊರಳಿ ಹೇನು ಝಾಡಿಸಿಕೊಳ್ಳುತ್ತದೆ.

ಗಿರಿರಾಜ ಒಳ್ಳೆಯದೋ ನಮ್ಮ ನಾಟಿ ಒಳ್ಳೆಯದೋ ಎಂದು ಕೇಳುವವರಿದ್ದಾರೆ. ಗಿರಿರಾಜ ಹೆಬ್ಬಾಳದಲ್ಲಿ ಹುಟ್ಟಿದ ತಳಿ, ಅಲ್ಲಿಂದಲೇ 2005ರಲ್ಲಿ ಸ್ವರ್ಣಧಾರ ಬಂತು. ನಮ್ಮ ಕೋಳಿ ವರ್ಷಕ್ಕೆ 60-70 ತತ್ತಿ ಇಟ್ಟರೆ ಗಿರಿರಾಜ 130ರ ಮೇಲೆ, ಸ್ವರ್ಣಧಾರ ಇನ್ನೂ ಹೆಚ್ಚು. ಆದರೆ ಅವು ಕಾವಿಗೆ ಕೂಡುವುದಿಲ್ಲ, ಮೈಭಾರಕ್ಕೆ ನಾಯಿ ಕಂಡರೆ ಹಾರುವುದಿಲ್ಲ, ಮೇವು ಹೆಚ್ಚು ಬೇಡುತ್ತವೆ. ಅವುಗಳ ತತ್ತಿಯಿಂದ ಮರಿ ಮಾಡಿಸಿದರೆ ಆ ಗುಣ ಪೂರ್ತಿ ಇಳಿಯದು, ಪ್ರತಿಸಲ ಮರಿ ಕೊಳ್ಳಬೇಕು. ಬೀಜಕ್ಕೆ ಕಂಪನಿಯ ಬಾಗಿಲು ಕಾಯ್ದು ಸಾಕಾದ ನಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕಾವಿಗೆ ಕೂಡುವ ನಾಲ್ಕು ನಾಟಿ ಕೋಳಿ ಮನೆಯಲ್ಲಿರಲಿ, ಅದರ ಮೇಲೆ ನಿಮ್ಮ ಇಷ್ಟ.

ಬೆಲೆಯ ಮಾತಿಲ್ಲದೆ ಹೋದರೆ ಇದು ನಮ್ಮ ಸಭೆ ಹೇಗಾದೀತು? 1980ರ ಆಸುಪಾಸಿನಲ್ಲಿ ಫಾರ್ಮಿನ ತತ್ತಿಗೆ ಹಾಕಿದ ಖರ್ಚೂ ಹುಟ್ಟುತ್ತಿರಲಿಲ್ಲ, ದಲ್ಲಾಳಿ ಹೇಳಿದ್ದೇ ದರ. ಬಿ. ವಿ. ರಾವ್ ಎಂಬವರು ಊರೂರು ತಿರುಗಿ ಸಾಕುವವರನ್ನು ಕೂಡಿಸಿದರು. 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. ಅಂದಿನಿಂದ ಅವರ ದರವನ್ನು ಅವರೇ ಸಾರುತ್ತಾರೆ, ನಮ್ಮ ಪಕ್ಕದ ಹೊಸಪೇಟೆಯ ದರವೂ ಅದರಲ್ಲಿ ಬರುತ್ತದೆ. ಅವರು ಸಾವಿರಗಟ್ಟಲೆ ಕೋಳಿಯ ಧಣಿಗಳು ಎನ್ನಬಹುದು, ನಿಜ. ಆದರೂ ಬೆಳೆದವನೇ ಬೆಲೆ ಹೇಳಬಹುದು ಎಂದು ತೋರಿಸಿದರಲ್ಲ! ನಮ್ಮ ನಾಟಿ ತತ್ತಿಗೆ ಪೇಟೆಯಲ್ಲಿ ಫಾರ್ಮಿನ ತತ್ತಿಗಿಂತ ಹೆಚ್ಚು ದರವಿದೆ. ಆದರೆ ಅದನ್ನು ನಮ್ಮ ಹೆಣ್ಣುಮಕ್ಕಳು ಅಂಗಡಿಗೆ ಎರಡು, ನಾಲ್ಕು ಒಯ್ದು, ಅವನು ಹೇಳಿದ ಲೆಕ್ಕಕ್ಕೆ ಸಕ್ಕರಿ ಕಟ್ಟಿಸಿಕೊಂಡು ಬರುತ್ತಾರೆ. ಓಣಿಯ ತತ್ತಿ ಒಂದೇ ಬುಟ್ಟಿಗೆ ಬಿದ್ದು, ವಾರಕ್ಕೊಮ್ಮೆ ಒಬ್ಬರು ಮಸ್ಕಿಗೋ ಸಿಂಧನೂರಿಗೋ ಒಯ್ದರೆ ದರ ಯಾರು ಹೇಳುತ್ತಾರೆ ನೋಡೋಣ.

ಇಷ್ಟು ಜನ ಒಂದು ಮುಂಜಾನೆ ಎಲ್ಲಿ ಕೂಡುತ್ತಾರೆ ಎಂದು ಅನುಮಾನಪಡುವವರಿಗೆ ಒಂದು ಮಾತು. 5ಎ ಕಾಲುವೆಯ ನೀರಿಗಾಗಿ 2020ರ ನವೆಂಬರಿನಿಂದ ತಿಂಗಳುಗಟ್ಟಲೆ ಧರಣಿ ಕೂತದ್ದು ಇದೇ ಪಾಮನಕಲ್ಲೂರಿನಲ್ಲಿ. ಚಳಿ ಕಳೆದು ಬಿಸಿಲು ಬಂದರೂ ಎದ್ದು ಹೋಗಲಿಲ್ಲ. ಅಂಥವರಿಗೆ ಎರಡು ತಾಸು ದೊಡ್ಡದೇ?

ಇಂದು ಏಳುವ ಮುಂಚೆ ಓಣಿಗೊಬ್ಬರು ಹೆಸರು ಕೊಡಿರಿ, ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು, ಕೋಳಿಯ ಲೆಕ್ಕ ಅವರಿಗೇ ಗೊತ್ತು. ನಾಳೆ ಸಂಜೆ ಕೋಳಿ ಗೂಡು ಸೇರಿದ ಮೇಲೆ ಮನೆಮನೆಗೆ ಹೋಗಿ ಮರಿ ಎಷ್ಟು, ದೊಡ್ಡವು ಎಷ್ಟು ಎಂದು ಬೇರೆ ಬೇರೆ ಬರೆದುಕೊಂಡು ಬರ್ರಿ. ಎಷ್ಟು ಸೀಸೆ ಬೇಕೆಂಬುದು ಆ ಚೀಟಿ ನೋಡಿದರೆ ತಿಳಿಯುತ್ತದೆ. ಥರ್ಮಾಸು ನನ್ನ ಹತ್ತಿರ ಐತಿ.