ಮುನ್ನೂರನೇ ಸ್ಥಾನದ ಆಟಗಾರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)

ಹೆಡ್‌ಮಾಸ್ಟರು ಫೋನ್ ಮಾಡಿ, "ಬಿ.ಇ. ಮಾಡಿ ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಹತ್ತು ನಿಮಿಷ ಮಾತಾಡಪ್ಪ" ಅಂದರು. ಸಾಫ್ಟ್‌ವೇರ್ ವಿಷಯ ಎತ್ತಿದರೆ ನಿಮಗಿಂತ ಮೊದಲು ನನಗೇ ನಿದ್ದೆ ಬರುತ್ತದೆ. ಅದಕ್ಕೆ ಟೆನಿಸ್ ಬಗ್ಗೆ ಮಾತಾಡುತ್ತೇನೆ. ನಮ್ಮ ಶಾಲೆಯಲ್ಲಿ ಟೆನಿಸ್ ಇಲ್ಲ, ನಾನೂ ಆಡಿದವನಲ್ಲ. ಆದರೂ ಅದೇ ಯಾಕೆ ಅನ್ನುವುದು ನನಗೂ ನಮ್ಮ ಪಿ.ಟಿ. ಮೇಷ್ಟ್ರಿಗೂ ಸಂಬಂಧಪಟ್ಟ ವಿಷಯ. ಅದನ್ನು ಕೊನೆಗೆ ಹೇಳುತ್ತೇನೆ.

2017ರಲ್ಲಿ ನನ್ನ ಆಫೀಸು ಕಬ್ಬನ್ ಪಾರ್ಕಿನ ಹತ್ತಿರ ಇತ್ತು. ಪಾರ್ಕಿನೊಳಗೇ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳವಿದೆ. ನವೆಂಬರ್‌ನಲ್ಲಿ ಅಲ್ಲಿ ಬೆಂಗಳೂರು ಓಪನ್ ಪಂದ್ಯಾವಳಿ ನಡೆಯುತ್ತಿತ್ತು. ಊಟದ ಹೊತ್ತಿನಲ್ಲಿ ಸುಮ್ಮನೆ ಒಳಗೆ ಹೋದೆ. ಪಕ್ಕದ ಅಂಕಣದಲ್ಲಿ ಇಬ್ಬರು ಆಡುತ್ತಿದ್ದರು. ಚೆಂಡು ರ‍್ಯಾಕೆಟ್ಟಿಗೆ ಬಿದ್ದ ಸದ್ದು ನಮ್ಮೂರಿನ ಆಯುಧಪೂಜೆಯ ಪಟಾಕಿ ಹಾಗಿತ್ತು. ನೋಡುವವರು ಇಪ್ಪತ್ತು ಜನ ಇದ್ದರೆ ಹೆಚ್ಚು. ಸೋತವನು ತನ್ನ ದೊಡ್ಡ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ಆಟೋ ಕೇಳುತ್ತಿದ್ದ. ಡ್ರೈವರು ಮೀಟರ್ ಮೇಲೆ ಐವತ್ತು ಕೇಳಿದ. ಆತ ಚೌಕಾಸಿ ಮಾಡಿದ! ಟಿ.ವಿ.ಯಲ್ಲಿ ಫೆಡರರ್‌ನನ್ನು ನೋಡಿದ್ದ ನನಗೆ ಅವತ್ತು ಟೆನಿಸ್ ಆಟಗಾರ ಅಂದರೆ ಇವನೂ ಹೌದು ಅಂತ ಗೊತ್ತಾಯಿತು. ಆಮೇಲೆ ಈ ಲೆಕ್ಕದ ಹಿಂದೆ ಬಿದ್ದೆ.

ಮಕ್ಕಳೇ, ನಿಮ್ಮ ಕ್ರೀಡಾಕೂಟಕ್ಕೆ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲುಗಳಿವೆಯಲ್ಲ, ಟೆನಿಸ್‌ಗೂ ಹಾಗೇ ಇವೆ. ಕೆಳಗಿನ ಮೆಟ್ಟಿಲಿನಲ್ಲಿ ಒಟ್ಟು ಬಹುಮಾನ 15 ಸಾವಿರ ಡಾಲರಿನ ಪಂದ್ಯಾವಳಿಗಳು. ಅದರ ಮೇಲೆ 2023ರಲ್ಲಿ 25 ಸಾವಿರದವು ಇದ್ದವು. 2023ರಲ್ಲಿ ನಮ್ಮ ಮೈಸೂರು, ಧಾರವಾಡ, ಕಲಬುರಗಿಯಲ್ಲಿ ನಡೆದದ್ದು ಇಂಥವೇ. ಮೈಸೂರಿನ ಪ್ರಜ್ವಲ್ ದೇವ್ ಅಂಥವರು ವರ್ಷಗಟ್ಟಲೆ ಬೆವರು ಹರಿಸಿದ್ದು ಈ ಮಟ್ಟದಲ್ಲಿ. ಅದರ ಮೇಲೆ ಚಾಲೆಂಜರ್, ಬೆಂಗಳೂರು ಓಪನ್ ಆ ಮೆಟ್ಟಿಲಿನದು. ಅದಕ್ಕೂ ಮೇಲೆ ಎಟಿಪಿ ಪಂದ್ಯಾವಳಿಗಳು. ತುದಿಯಲ್ಲಿ ವಿಂಬಲ್ಡನ್ ಮುಂತಾದ ನಾಲ್ಕು ಗ್ರ್ಯಾಂಡ್‌ಸ್ಲಾಮ್.

15 ಸಾವಿರ ಡಾಲರಿನ ಪಂದ್ಯಾವಳಿ ಗೆದ್ದವನಿಗೆ 15 ಅಂಕ, ಗ್ರ್ಯಾಂಡ್‌ಸ್ಲಾಮ್ ಗೆದ್ದವನಿಗೆ 2000. ಕೆಳಗಿನ ಮೆಟ್ಟಿಲಿನಲ್ಲಿ ಮೊದಲ ಸುತ್ತಿನಲ್ಲೇ ಸೋತರೆ ಅಂಕ ಸೊನ್ನೆ, ಕೈಗೆ ಬರುವುದು ಸುಮಾರು 150 ಡಾಲರ್, ಅಂದರೆ 13 ಸಾವಿರ ರೂಪಾಯಿ ಆಸುಪಾಸು. ವಿಮಾನದ ಟಿಕೆಟ್, ರೂಮು, ಊಟ, ರ‍್ಯಾಕೆಟ್ಟಿನ ದಾರ ಎಲ್ಲ ತನ್ನದೇ ಖರ್ಚು. ಕೋಚನ್ನು ಕರೆದುಕೊಂಡು ಹೋದರೆ ಎಲ್ಲವೂ ಎರಡರಷ್ಟು, ಮೇಲೆ ಅವರ ಸಂಬಳ. ಇನ್ನೊಂದು ಕಷ್ಟ ಇದೆ. ಅಂಕಕ್ಕೆ 52 ವಾರ ಮಾತ್ರ ಆಯಸ್ಸು. ಹೋದ ವರ್ಷ ಈ ವಾರ ಗಳಿಸಿದ್ದು ಈ ವಾರ ಕಳಚಿ ಬೀಳುತ್ತದೆ. ಕಾಲು ಉಳುಕಿ ಆರು ತಿಂಗಳು ಮಲಗಿದರೆ ಗಳಿಸಿದ್ದರಲ್ಲಿ ಸುಮಾರು ಅರ್ಧದಷ್ಟು ಮಾಯ.

ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವೇ 2013ರ ಲೆಕ್ಕ ತೆಗೆದು ನೋಡಿತ್ತು. ಸುಮಾರು 14 ಸಾವಿರ ಜನ ವೃತ್ತಿಪರ ಪಂದ್ಯಗಳಲ್ಲಿ ಆಡಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದು ಪೈಸೆಯೂ ಬಹುಮಾನ ಕಂಡಿರಲಿಲ್ಲ. ಕೋಚ್ ಖರ್ಚು ಬಿಟ್ಟು, ಹಾಕಿದ ದುಡ್ಡು ಕೈಗೆ ಬರಬೇಕಾದರೆ ಗಂಡಸರಲ್ಲಿ ಜಗತ್ತಿಗೇ 336ನೆಯವನಾಗಿರಬೇಕಿತ್ತು, ಹೆಂಗಸರಲ್ಲಿ 253ನೆಯವಳು.

ಇಲ್ಲಿರುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಪ್ಪ ರೇಷ್ಮೆ ಬೆಳೆದವರು. ಹುಳ ತಂದು, ಸೊಪ್ಪು ಹಾಕಿ, ರಾತ್ರಿ ಎದ್ದು, ಮನೆಮಂದಿಯೆಲ್ಲ ದುಡಿದು, ಹಣ್ಣಾಗುವ ಹೊತ್ತಿಗೆ ಹಾಲುತೊಂಡೆ ಬಂದರೆ ತಿಪ್ಪೆಗೆ. ಗೂಡು ಚೆನ್ನಾಗಿ ಬಂದರೂ ವಿಜಯಪುರದ ಮಾರುಕಟ್ಟೆಯಲ್ಲಿ ಅವತ್ತಿನ ಹರಾಜು ಏನು ಹೇಳುತ್ತದೋ ಅದೇ ರೇಟು. ಬೆಳೆಗಾರನಿಗೆ ಒಂದು ವ್ಯತ್ಯಾಸ ಇದೆ: ಅವನ ಪಕ್ಕದಲ್ಲಿ ಊರೆಲ್ಲ ಅದೇ ಕಷ್ಟದಲ್ಲಿರುತ್ತದೆ. ಆ ಹುಡುಗ ಗೊತ್ತಿಲ್ಲದ ದೇಶದ ಲಾಡ್ಜಿನಲ್ಲಿ ಒಬ್ಬನೇ. ಇಂಥ ಹೊತ್ತಲ್ಲೇ ಬೆಟ್ಟಿಂಗ್‌ನವರು ಬರುವುದು. ಟೆನಿಸ್‌ನಲ್ಲಿ ಈ ಕಾಯಿಲೆ ಕೆಳಗಿನ ಮೆಟ್ಟಿಲುಗಳಲ್ಲೇ ಹೆಚ್ಚು ಅಂತ 2018ರಲ್ಲಿ ಸ್ವತಂತ್ರ ಸಮಿತಿಯ ವರದಿ ಹೇಳಿತು. ತಪ್ಪು ತಪ್ಪೇ. ಆದರೆ ಆಸೆಗೆ ಬಿದ್ದವನ ಜೇಬಿನಲ್ಲಿ ಎಷ್ಟಿತ್ತು ಅಂತಲೂ ನಾವು ನೋಡಬೇಕು.

ನಾನು ಹೇಳಿದ 2017ರ ಆ ಪಂದ್ಯಾವಳಿ ಗೆದ್ದದ್ದು ಹರಿಯಾಣದ ಹುಡುಗ ಸುಮಿತ್ ನಾಗಲ್, ಒಬ್ಬ ಮೇಷ್ಟ್ರ ಮಗ. ಫೈನಲ್‌ನಲ್ಲಿ ಬ್ರಿಟನ್ನಿನ ಜೇ ಕ್ಲಾರ್ಕ್‌ನನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದ. ಆಗ ಅವನ ಸ್ಥಾನ ಮುನ್ನೂರರಿಂದ ಆಚೆಗಿತ್ತು. ಇನ್ನು ಇವನ ದಾರಿ ಸಲೀಸು ಅಂದುಕೊಂಡೆ. ಆರು ವರ್ಷ ಆದ ಮೇಲೆ, 2023ರಲ್ಲಿ, ಭಾರತದ ಸಿಂಗಲ್ಸ್‌ನಲ್ಲಿ ಮೊದಲನೆಯವನಾಗಿದ್ದ ಅದೇ ನಾಗಲ್ ತನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೋ ಇದೆ ಅಂತ ಹೇಳಿದ್ದು ಪೇಪರಿನಲ್ಲಿ ಬಂತು. ಅಂದರೆ 80 ಸಾವಿರ ರೂಪಾಯಿ. ದೇಶಕ್ಕೇ ಮೊದಲನೆಯವನ ಖಾತೆಯಲ್ಲಿ! ನಾಲ್ಕೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ, ಶ್ರೇಯಾಂಕಿತ ಬುಬ್ಲಿಕ್‌ನನ್ನು ಸೋಲಿಸಿದ. 1989ರಲ್ಲಿ ರಮೇಶ್ ಕೃಷ್ಣನ್ ಮಾಡಿದ ಮೇಲೆ ಭಾರತದ ಗಂಡಸರು ಯಾರೂ ಸಿಂಗಲ್ಸ್‌ನಲ್ಲಿ ಅದನ್ನು ಮಾಡಿರಲಿಲ್ಲ. ಆ ಒಂದು ಗೆಲುವಿನಿಂದ ಅವನಿಗೆ ಖಾತ್ರಿಯಾದದ್ದು 1 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್.

ಪೇಪರಿನವರು ಎರಡನೆಯ ಸುದ್ದಿಯನ್ನು ಕೊಂಡಾಡಿದರು. ನನಗೆ ಮೊದಲನೆಯದೇ ತಲೆಯಲ್ಲಿ ಉಳಿಯಿತು. ಸೆಪ್ಟೆಂಬರಿನ ನಾಗಲ್ ಮತ್ತು ಜನವರಿಯ ನಾಗಲ್ ಒಬ್ಬನೇ ಅಲ್ಲವೇ? ಮರು ವರ್ಷ, 2018ರಲ್ಲಿ, ಬೆಂಗಳೂರು ಓಪನ್ ಗೆದ್ದ ಚೆನ್ನೈನ ಪ್ರಜ್ನೇಶ್ ಗುಣೇಶ್ವರನ್ ಮಂಡಿ ನೋವಿನಿಂದ ವರ್ಷಗಳನ್ನೇ ಕಳೆದುಕೊಂಡವರು. 2019ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಆಡಿ, ನಾಲ್ಕರಲ್ಲೂ ಮೊದಲ ಸುತ್ತಿನಲ್ಲಿ ಸೋತರು. ಆ ವರ್ಷ ಮೆಲ್ಬರ್ನ್‌ನಲ್ಲಿ ಮೊದಲ ಸುತ್ತಿನ ಸೋಲಿಗೆ 75 ಸಾವಿರ ಆಸ್ಟ್ರೇಲಿಯನ್ ಡಾಲರ್ ಇತ್ತು. ಸೋಲಿಗೂ ಮೆಟ್ಟಿಲಿದೆ ನೋಡಿ. ಕೆಳಗಿನ ಸೋಲಿಗೆ ಸಾವಿರಗಳು, ಮೇಲಿನ ಸೋಲಿಗೆ ಲಕ್ಷಗಳು. 2024ರಿಂದ ಎಟಿಪಿಯವರು ಮೊದಲ 250 ಸ್ಥಾನದವರಿಗೆ ವರ್ಷಕ್ಕೆ ಇಷ್ಟು ಅಂತ ಕನಿಷ್ಠ ಆದಾಯದ ಭರವಸೆ ಕೊಡುತ್ತಿದ್ದಾರೆ. ಒಳ್ಳೆಯದೇ. 300ನೆಯವನಿಗೆ ಅದೂ ಇಲ್ಲ.

ಕೊಡಗಿನ ರೋಹನ್ ಬೋಪಣ್ಣ ನಿಮಗೆಲ್ಲ ಗೊತ್ತು. 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ಜಗತ್ತಿಗೆ ಮೊದಲನೆಯವರಾದರು. ಆದರೆ ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತಿ ಎತ್ತರದ ಸ್ಥಾನ 213. ಅಲ್ಲಿಗೇ ಅವರ ಕಥೆ ನಿಂತಿದ್ದರೆ ನಾವು ಅವರ ಹೆಸರು ಕೇಳುತ್ತಿರಲಿಲ್ಲ. ಕೇಳಿದ್ದರೂ "ಏನೋ ಆಡ್ತಿದ್ದ, ಆಗಲಿಲ್ಲ" ಅನ್ನುತ್ತಿದ್ದೆವು. ಜಗತ್ತಿನಲ್ಲಿ 213ನೆಯವನು ಅಂದರೆ ಏನು ಅಂತ ಯೋಚಿಸಿ. ನಾನು ನಮ್ಮ ಕಂಪನಿಯಲ್ಲೇ 213ನೆಯವನಲ್ಲ. ಆದರೂ ಒಂದನೇ ತಾರೀಕು ನನಗೆ ಸಂಬಳ ಬರುತ್ತದೆ.

ಈಗ ಪಿ.ಟಿ. ಮೇಷ್ಟ್ರ ವಿಷಯ. ಮೇಷ್ಟ್ರೇ, ನಿಮಗೆ ನೆನಪಿದೆಯೋ ಇಲ್ಲವೋ, ಹತ್ತನೇ ಕ್ಲಾಸಿನಲ್ಲಿ ನಾನು 1500 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು, ಜಿಲ್ಲೆಗೆ ಎರಡನೆಯವನು. ವಿಭಾಗ ಮಟ್ಟಕ್ಕೆ ಆಯ್ಕೆಯಾಗಿದ್ದೆ. ಬೆಳಗ್ಗೆ ಐದಕ್ಕೆ ನೀವು ಬಸ್ ಸ್ಟ್ಯಾಂಡಿನಲ್ಲಿ ಕಾದಿರಿ. ನಾನು ಬರಲಿಲ್ಲ. ಮಾರನೇ ದಿನ "ಹುಳ ಹಣ್ಣಾಗಿತ್ತು ಸಾರ್, ಅಪ್ಪ ಬಿಡಲಿಲ್ಲ" ಅಂದೆ. ನೀವು ಏನೂ ಅನ್ನಲಿಲ್ಲ.

ಅದು ಸುಳ್ಳು. ಹುಳ ಹಣ್ಣಾಗಿದ್ದು ನಿಜ. ಆದರೆ ಅಪ್ಪ ಹಿಂದಿನ ರಾತ್ರಿಯೇ ನೂರು ರೂಪಾಯಿ ಕೊಟ್ಟು "ಹೋಗಿ ಬಾ, ಇಲ್ಲಿ ನಾವು ನೋಡ್ಕೋತೀವಿ" ಅಂದಿದ್ದರು. ಜಿಲ್ಲಾ ಮಟ್ಟದಲ್ಲಿ ಗೆದ್ದ ಹುಡುಗ ಸ್ಪೈಕ್ಸ್ ಹಾಕಿಕೊಂಡು ನನಗಿಂತ ಅರ್ಧ ಸುತ್ತು ಮುಂದೆ ಓಡಿದ್ದ. ಇನ್ನೂ ಮೇಲೆ ಇಂಥವರೇ ಎಲ್ಲರೂ ಇರುತ್ತಾರೆ ಅಂತ ಹೆದರಿದೆ. ಅಷ್ಟೇ ಕಾರಣ. ಇಪ್ಪತ್ತು ವರ್ಷ ಆಫೀಸಿನಲ್ಲಿ, ಹೆಂಡತಿಯ ಹತ್ತಿರ, "ಮನೆಯಲ್ಲಿ ಅನುಕೂಲ ಇರಲಿಲ್ಲ, ಇಲ್ಲದಿದ್ದರೆ ನಾನೂ ಓಟಗಾರ ಆಗುತ್ತಿದ್ದೆ" ಅಂತ ಹೇಳಿಕೊಂಡು ಬಂದೆ. ಅಪ್ಪನ ಮೇಲೆ ಹಾಕಿದೆ.

ಓಟದಲ್ಲಿ ನನಗೆ ಅನ್ನ ಹುಟ್ಟುತ್ತಿತ್ತಾ? ಈ ಟೆನಿಸ್ ಲೆಕ್ಕ ನೋಡಿದ ಮೇಲೆ ಹೇಳುತ್ತೇನೆ, ಬಹುಶಃ ಇಲ್ಲ. ಓದಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಲೆಕ್ಕ ಹಾಕಿ ಬಿಡುವುದು ಬೇರೆ, ಹೆದರಿ ಬಿಟ್ಟು ಲೆಕ್ಕದ ಮೇಲೆ ಹಾಕುವುದು ಬೇರೆ. ಆಟೋ ಹತ್ತಿರ ಚೌಕಾಸಿ ಮಾಡಿದ ಆ ಹುಡುಗನಿಗೆ ತನ್ನ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮುಂದಿನ ವಾರ ಇನ್ನೊಂದು ಊರಿನಲ್ಲಿ ಅಂಕಣಕ್ಕೆ ಇಳಿದಿರುತ್ತಾನೆ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಆಟವನ್ನೇ ನೆಚ್ಚಿಕೊಳ್ಳುತ್ತೇನೆ ಅಂದರೆ ನನ್ನ ಹತ್ತಿರ ಬನ್ನಿ, ಕೂತು ಲೆಕ್ಕ ಹಾಕೋಣ. ಬೇಡ ಅಂತ ನಾನು ಹೇಳುವುದಿಲ್ಲ, ಚಪ್ಪಾಳೆ ತಟ್ಟಿ ಕಳಿಸಿಬಿಡುವುದೂ ಇಲ್ಲ. ಸೋತರೆ ಎಷ್ಟು ಸಿಗುತ್ತದೆ, ಐದು ವರ್ಷ ಖರ್ಚು ಯಾರದು, ಕಾಲು ಮುರಿದರೆ ಏನು, ಓದು ಎಲ್ಲಿಗೆ ನಿಂತಿರುತ್ತದೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯೋಣ. ಬರೆದ ಮೇಲೂ ಹೋಗುತ್ತೇನೆ ಅಂದರೆ ಬೆಳಗ್ಗೆ ಐದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಾನು ಇರುತ್ತೇನೆ.

ಮೇಷ್ಟ್ರೇ, ಕ್ಷಮಿಸಬೇಕು. ಅಪ್ಪ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಅವರಿಗೂ ಇದು ಇವತ್ತೇ ಗೊತ್ತಾಗುತ್ತಿರುವುದು. ಅಪ್ಪಾ, ಆ ನೂರು ರೂಪಾಯಿಯಲ್ಲಿ ವಿಜಯಪುರಕ್ಕೆ ಹೋಗಿ ಸಿನಿಮಾ ನೋಡಿ, ಎರಡು ಮಸಾಲೆ ದೋಸೆ ತಿಂದೆ. ಚಿಲ್ಲರೆ ಉಳಿದಿತ್ತು, ಅದನ್ನೂ ವಾಪಸ್ ಕೊಡಲಿಲ್ಲ.